ರೇಣುಕತ್ತೆಯ ಹಾಳೆ ಹಡಗು

ಅರ್ಧಕ್ಕೆ ಬಿಟ್ಟ ಕೆಲಸ ಕಣ್ಣಿಗೆ ಬಿದ್ದರೆ ರೇಣುಕತ್ತೆಗೆ ಊಟ ಸೇರುವುದಿಲ್ಲ. ಅರ್ಧ ಸುಲಿದಿಟ್ಟ ಬೆಳ್ಳುಳ್ಳಿ, ಕೊನೆಯ ಕೊಂಡಿ ಹಾಕದ ರವಿಕೆ, ಮೂರು ಗೋಡೆಗೆ ಬಣ್ಣ ಬಳಿದು ‘ಉಳಿದಿದ್ದು ನಾಳೆ’ ಎಂದು ಹೋದ ಪೇಂಟರು, ಇವೆಲ್ಲ ಅವಳಿಗೆ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ಅಡಿಕೆ ಚೂರಿನ ಹಾಗೆ. ಅಂಥವಳು ಮದುವೆಯಾದದ್ದು ಮಲ್ಲೇಶ ಮಾವನನ್ನು.

ಮಾವ ಭೀಮಸಮುದ್ರದ ಅಡಿಕೆ ವ್ಯಾಪಾರದ ಮನೆಯವನು. ಎದ್ದರೆ ಕಿವಿಗೆ ಫೋನು, ಮಲಗುವಾಗ ದಿಂಬಿನ ಕೆಳಗೆ ಫೋನು. ಆ ಫೋನಿನ ಬಿಡುವಿನಲ್ಲಿ ಅವನಿಗೆ ಹೊಸ ಹೊಸ ಹುಚ್ಚು ಹಿಡಿಯುತ್ತದೆ. ಜೇನು ಸಾಕುತ್ತೇನೆಂದು ತಂದ ಪೆಟ್ಟಿಗೆಯಲ್ಲಿ ಈಗ ಅತ್ತೆಯ ಕೋಳಿ ಮೊಟ್ಟೆ ಇಡುತ್ತದೆ. ಕೊಳಲು ಕಲಿಯುತ್ತೇನೆಂದು ಚಿತ್ರದುರ್ಗಕ್ಕೆ ಹೋಗಿ ಬರುತ್ತಿದ್ದವನು, ಗುರುಗಳು ‘ಮೊದಲು ಉಸಿರು ಹಿಡಿಯೋದು ಕಲೀರಿ’ ಅಂದ ದಿನವೇ ಬಿಟ್ಟ. ಕೊನೆಗೆ ಬಂದದ್ದು ಯುದ್ಧನೌಕೆ.

ಇದನ್ನು ನಮ್ಮ ಕಡೆಗೆ ತಂದವನು ಆದಿವಾಲದ ರಂಗೇಶ್. ಅವನದು ಕುರಿ ಸಾಕುವ ಮನೆ. ಓದಿಕೊಂಡು ಈಗ ಹಿರಿಯೂರಿನ ಒಂದು ತಾಂತ್ರಿಕ ತರಬೇತಿ ಶಾಲೆಯಲ್ಲಿ ಪಾಠ ಹೇಳುತ್ತಾನೆ. ಬೆಂಗಳೂರಿನ ಗೆಳೆಯರೊಬ್ಬರ ಹತ್ತಿರ ಈ ಆಟ ನೋಡಿ ಬಂದು, ಮಾವನಿಗೂ ಹೊಳಲ್ಕೆರೆಯ ಬಟ್ಟೆ ಅಂಗಡಿ ಪರಮೇಶ್ವರಪ್ಪನವರಿಗೂ ಅಂಟಿಸಿದ. ಹಳೆಯ ಯುದ್ಧಗಳಲ್ಲಿ ನಿಜವಾಗಿ ಓಡಾಡಿದ ಹಡಗುಗಳ ನಕ್ಷೆ ಇಟ್ಟುಕೊಂಡು, ಅವುಗಳನ್ನೇ ತೊಟ್ಟಿಲುದ್ದಕ್ಕೆ ಇಳಿಸಿ ಕಟ್ಟಬೇಕು. ಒಳಗೆ ಮೋಟರು, ಬ್ಯಾಟರಿ, ಸೋಡಾ ಗ್ಯಾಸಿನ ಪುಟ್ಟ ಸಿಲಿಂಡರು. ಫಿರಂಗಿ ಇರಬೇಕಾದಲ್ಲಿ ಹಿತ್ತಾಳೆಯ ಕೊಳವೆ. ದಡದಲ್ಲಿ ನಿಂತು ರಿಮೋಟಿನ ಗುಂಡಿ ಒತ್ತಿದರೆ ಗ್ಯಾಸು ನುಗ್ಗಿ, ಸೈಕಲ್ ಚಕ್ರದೊಳಗಿರುವಂಥ ಉಕ್ಕಿನ ಸಣ್ಣ ಗುಂಡು ಚಿಮ್ಮುತ್ತದೆ. ಎದುರಾಳಿಯ ಹಡಗಿನ ಪಕ್ಕೆ ತೂತಾಗುತ್ತದೆ. ನೀರು ನುಗ್ಗುತ್ತದೆ. ಒಳಗಿನ ಪಂಪು ಹೊರಗೆಸೆಯುವುದಕ್ಕಿಂತ ಹೆಚ್ಚು ನೀರು ನುಗ್ಗಿದರೆ ಹಡಗು ಮುಳುಗುತ್ತದೆ. ಆಮೇಲೆ ದಾರ ಹಿಡಿದು ಮೇಲೆಳೆದು, ತೂತು ಎಣಿಸಿ, ತೇಪೆ ಹಾಕಿ, ಮತ್ತೆ ನೀರಿಗೆ ಬಿಡುತ್ತಾರೆ.

ಮಾವ ಹಡಗಿನ ಎಲುಬುಗೂಡನ್ನು ಪ್ಲೈವುಡ್ಡಿನಲ್ಲಿ ಕಟ್ಟಿದ. ಮೋಟರು ಕೂರಿಸಿದ. ಕೊಳವೆಗಳನ್ನೂ ಜೋಡಿಸಿದ. ಅಷ್ಟರಲ್ಲಿ ಅಡಿಕೆ ಕೊಯ್ಲು ಶುರುವಾಯಿತು. ಹಡಗು ಅತ್ತೆಯ ಶೆಡ್ಡಿನಲ್ಲಿ, ಅಡಿಕೆ ಹಾಳೆಯ ಕಟ್ಟುಗಳ ಮೇಲೆ, ಚರ್ಮ ಸುಲಿದ ಮೀನಿನ ಹಾಗೆ ಬಿದ್ದುಕೊಂಡಿತು.

ಆ ಶೆಡ್ಡು ಅತ್ತೆಯದು. ತೋಟಗಳಲ್ಲಿ ಉದುರಿದ ಅಡಿಕೆ ಹಾಳೆ ತಂದು, ತೊಟ್ಟಿಯಲ್ಲಿ ನೆನೆಸಿ, ಕಾದ ಅಚ್ಚಿನ ಕೆಳಗಿಟ್ಟು ಒತ್ತಿ ಊಟದ ತಟ್ಟೆ ಮಾಡುತ್ತಾಳೆ. ಜೊತೆಗೆ ಬರಗೇರಮ್ಮ ಎಂಬ ಹಿರಿಯ ಹೆಂಗಸು. ಬರಗೇರಮ್ಮನ ಕೈಗಿಂತ ಬಾಯಿ ಚುರುಕು, ಕೈಯೂ ಸಾಮಾನ್ಯದ್ದಲ್ಲ. ನಾನು ಕಾಲೇಜು ಮುಗಿಸಿಕೊಂಡು ದುರ್ಗದ ಬಸ್ಸಿಳಿದರೆ ಮೊದಲು ಹೋಗುವುದು ಆ ಶೆಡ್ಡಿಗೇ. ಬಿಸಿ ಅಚ್ಚಿನಿಂದ ಏಳುವ ಹಾಳೆಯ ವಾಸನೆಗೆ ಒಣಹುಲ್ಲು ಮಳೆಯಲ್ಲಿ ನೆನೆದ ಹಾಗೊಂದು ತಂಪು ಇರುತ್ತದೆ.

“ಇದೊಂದು ಹೆಣ ಎಷ್ಟು ದಿನ ಹಿಂಗೇ ಬಿದ್ದಿರ್ಬೇಕು?” ಅಂದಳು ಅತ್ತೆ ಒಂದು ದಿನ.

“ಇರ್ಲಿ ಬಿಡ್ರಿ ರೇಣುಕಮ್ಮ, ಬೆಕ್ಕು ಮರಿ ಹಾಕಾಕೆ ಆಗ್ತೈತೆ,” ಅಂದಳು ಬರಗೇರಮ್ಮ.

ಅತ್ತೆ ಬೆಕ್ಕಿಗೆ ಬಿಡಲಿಲ್ಲ. ನಿಯಮಗಳ ಕಾಗದವನ್ನು ನನ್ನ ಕೈಲಿ ಓದಿಸಿಕೊಂಡಳು. ಪಕ್ಕೆಗಳಿಗೆ ಬಾಲ್ಸಾ ಎಂಬ ಹಗುರ ಮರದ ತೆಳು ಹಲಗೆಯನ್ನಾಗಲಿ, ಅಷ್ಟೇ ಸುಲಭಕ್ಕೆ ತೂತಾಗುವ ಬೇರೆ ಏನನ್ನಾಗಲಿ ಹೊದಿಸಬೇಕು ಎಂದಿತ್ತು. ಮಾವ ತರಿಸಿಟ್ಟಿದ್ದ ಬಾಲ್ಸಾ ಕೊರಿಯರಿನ ಪೆಟ್ಟಿಗೆಯಲ್ಲಿ ಅರ್ಧ ಮುರಿದೇ ಬಂದಿತ್ತು. ಉಳಿದದ್ದನ್ನು ಅತ್ತೆ ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಅದು ಅಲ್ಲೇ ಮುರಿಯಿತು.

“ಇದು ಮರಾನಾ, ಹಪ್ಪಳಾನಾ? ತೂತಾಗ್ಲಿ ಅಂತ ಯಾರಾದ್ರೂ ಹಡಗು ಕಟ್ತಾರೇನೇ?”

“ಆಟಾನೇ ಅದು ಅತ್ತೆ. ತೂತಾಗದೇ ಇದ್ರೆ ಆಟ ಎಲ್ಲೈತೆ?”

“ನಮ್ಮ ತಟ್ಟೆ ತೂತಾದ್ರೆ ಜನ ವಾಪಸ್ ತಂದು ಮುಖಕ್ಕೆ ಎಸೀತಾರೆ. ಇವರು ತೂತಾಯ್ತು ಅಂತ ಚಪ್ಪಾಳೆ ತಟ್ತಾರೆ.”

ಅವಳು ಹಾಳೆಗಳ ರಾಶಿಯಿಂದ ಅಂಚಿನ ತೆಳುಭಾಗಗಳನ್ನೇ ಆರಿಸಿ ಕತ್ತರಿಸಿದಳು. ತೊಟ್ಟಿಯಲ್ಲಿ ನೆನೆಸಿ, ಮೆತ್ತಗಾದ ಮೇಲೆ ಎಲುಬುಗೂಡಿಗೆ ಸುತ್ತಿ, ದಾರ ಬಿಗಿದು ಒಣಗಲು ಬಿಟ್ಟಳು. ದಾರ ಬಿಚ್ಚಿದಾಗ ಹಾಳೆ ಹಡಗಿನ ಮೈಯನ್ನೇ ಕಲಿತುಬಿಟ್ಟಿತ್ತು. ಮೂತಿಯ ಹತ್ತಿರ ಚೂಪಾಗಿ, ಹೊಟ್ಟೆಯ ಹತ್ತಿರ ತುಂಬಿಕೊಂಡು, ಒಂದು ಸುಕ್ಕಿಲ್ಲದೆ ಕೂತಿತ್ತು. ಅದನ್ನು ಅಂಟಿಸುವ ಮುನ್ನ ಅವಳು ಶೆಡ್ಡಿನ ಬಾಗಿಲಲ್ಲಿ ಫೋನಿನಲ್ಲಿದ್ದ ಮಾವನನ್ನು ಕರೆದಳು.

“ರೀ, ಇಲ್ಲಿ ನೋಡ್ರಿ. ಹಾಳೆ ಒಣಗಿದಾಗ ಪಟ್ ಅಂತ ಒಡೀತೈತೆ. ಆದ್ರೆ ನೀರಲ್ಲಿ ನೆನೆದ್ರೆ ಮೆತ್ತಗಾಗ್ತೈತೆ. ಆಗ ಗುಂಡು ಬಡಿದ್ರೂ ಒಡೆಯೋದು ಅನುಮಾನ. ನಿಮ್ಮ ಆಟದಲ್ಲಿ ಇದು ನಡೀತೈತಾ? ಕೇಳಿ ಹೇಳ್ರಿ.”

ಮಾವ ಫೋನಿಗೆ ಅಂಗೈ ಮುಚ್ಚಿ, ಅವಳ ಮುಖವನ್ನೇ ನೋಡಿ, “ಹೂಂ ಹೂಂ, ನಡೀತೈತೆ ಕಣೇ, ಹಚ್ಚು,” ಅಂದ. ಅಂಗೈ ತೆಗೆದು ಮತ್ತೆ ರಾಶಿ ಅಡಿಕೆಯ ದರದ ಮಾತಿಗೆ ಹೋದ.

ಅಲ್ಲಿ ನಾನಿದ್ದೆ. ಬರಗೇರಮ್ಮನೂ ಇದ್ದಳು. ಅತ್ತೆ ಹಚ್ಚಿದಳು. ಬಣ್ಣ ಮಾತ್ರ ಬಳಿಯಲಿಲ್ಲ. ಒಳ್ಳೆ ಹಾಳೆಗೆ ಬಣ್ಣ ಬಳಿಯುವುದು ಅವಳ ಪ್ರಕಾರ ಹಾಲಿಗೆ ಸುಣ್ಣ ಹಾಕಿದಂತೆ. ಹಾಗಾಗಿ ಜಗತ್ತಿನ ಯುದ್ಧನೌಕೆಗಳೆಲ್ಲ ಬೂದುಬಣ್ಣದ್ದಾದರೆ ಅವಳದೊಂದು ಹೊಂಬಣ್ಣದ್ದಾಯಿತು.

ಆಟ ನಡೆಯುವುದು ನಮ್ಮ ಹೊಲದ ಕೃಷಿ ಹೊಂಡದಲ್ಲಿ. ಮೆಕ್ಕೆಜೋಳದ ನಡುವೆ, ಕಪ್ಪು ಪ್ಲಾಸ್ಟಿಕ್ ಹಾಸಿನ ಚೌಕದ ಹೊಂಡ. ಅಲೆಯಿಲ್ಲ, ಕೆಸರಿಲ್ಲ, ಮುಳುಗಿದ ಹಡಗು ತಳದಲ್ಲಿ ಕಾಣಿಸುತ್ತದೆ. ಅಪ್ಪ, ಅಂದರೆ ಅತ್ತೆಯ ಅಣ್ಣ, ಒಂದೇ ಒಂದು ಷರತ್ತು ಹಾಕಿದ್ದ: ಪ್ಲಾಸ್ಟಿಕ್ಕಿಗೆ ಗುಂಡು ತಾಗಿ ನೀರು ಸೋರಿದರೆ ಹಡಗಿನವರನ್ನೆಲ್ಲ ಹೊಂಡದಲ್ಲೇ ಕೂರಿಸುತ್ತೇನೆ. ಹಡಗು ಮುಗಿಸಿದ ಅತ್ತೆಯೇ ಅದನ್ನು ಆಡಿಸುವುದೆಂದಾದ ಮೇಲೆ ಮಾವನಿಗೆ ಉಳಿದದ್ದು ತೀರ್ಪುಗಾರನ ಕೆಲಸ. ಕೊರಳಿಗೊಂದು ಪೀಪಿ ಹಾಕಿಕೊಂಡ. ಹೆಂಡತಿಯ ಕಡೆ ವಾಲಿದ ಎಂದು ಯಾರೂ ಅನ್ನಬಾರದೆಂದು ಅವಳ ಹಡಗನ್ನು ಉಳಿದವರಿಗಿಂತ ಹೆಚ್ಚು ತಡಕಿದ.

ಆಟಕ್ಕೆ ಮೊದಲು ಒಂದು ಪರೀಕ್ಷೆ ಇರುತ್ತದೆ. ತೂಕ ಕಟ್ಟಿದ ಮೊಳೆಯೊಂದನ್ನು ಗೊತ್ತುಮಾಡಿದ ಎತ್ತರದಿಂದ ಪಕ್ಕೆಯ ಮೇಲೆ ಬಿಡುತ್ತಾರೆ. ಹೊದಿಕೆ ತೂತಾದರೆ ಹಡಗು ಪಾಸು. ಅತ್ತೆಯ ಹಾಳೆ ಆ ಹೊತ್ತು ಬಿಸಿಲಿಗೆ ಒಣಗಿ ಗರಿಗರಿಯಾಗಿತ್ತು. ಮೊಳೆ ಬಿದ್ದದ್ದೇ ‘ಪಟ್’. ಮಾವ ತಲೆಯಾಡಿಸಿದ. ಅತ್ತೆ ಆ ತೂತಿಗೆ ಅಲ್ಲೇ ತೇಪೆ ಹಾಕಿದಳು.

ಹಡಗುಗಳನ್ನು ನೀರಿಗಿಳಿಸಿ ಮೋಟರು, ಪಂಪು ನೋಡಿಕೊಳ್ಳುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಎಲ್ಲರೂ ಕಣ್ಣಿಗೆ ಕನ್ನಡಕ ಹಾಕಿಕೊಂಡರು. ಅತ್ತೆ ಸೆರಗು ತಲೆಗೆ ಬಿಗಿದು ಅದರ ಮೇಲೆ ಕನ್ನಡಕ ಏರಿಸಿದಳು. ಮಾವ ಪೀಪಿ ಊದಿದ. ಮೂರು ಹಡಗುಗಳು ಸ್ವಲ್ಪ ಹೊತ್ತು ಒಂದನ್ನೊಂದು ಮೂಸುವ ಹಾಗೆ ಸುತ್ತಿದವು. ಆಮೇಲೆ ರಂಗೇಶನ ಹಡಗು ಥಟ್ಟನೆ ತಿರುಗಿ ಅತ್ತೆಯ ಪಕ್ಕೆಗೆ ಗುಂಡು ಸುರಿಸಿತು. ಪರಮೇಶ್ವರಪ್ಪನವರದೂ ಸೇರಿಕೊಂಡಿತು. ಹೊಸಬರನ್ನು ಮೊದಲು ಮುಳುಗಿಸುವುದು ಅವರ ಪದ್ಧತಿ.

“ಅಕ್ಕಾ, ಓಡ್ಸಿ ಓಡ್ಸಿ, ನಿಂತ್ರೆ ಮುಳುಗ್ತೀರಿ!” ರಂಗೇಶ್ ಗುಂಡು ಹೊಡೆಯುತ್ತಲೇ ಬುದ್ಧಿ ಹೇಳುತ್ತಿದ್ದ.

“ಹೊಡಿಯೋನು ನೀನು, ಓಡ್ಸು ಅನ್ನೋನೂ ನೀನು. ಎರಡ್ರಲ್ಲಿ ಒಂದು ಮಾಡಪ್ಪ.”

ಅತ್ತೆ ಓಡಿಸಲಿಲ್ಲ. ನಿಲ್ಲಿಸಿಕೊಂಡೇ ಹೊಡೆದಳು. ಗುರಿ ಚೆನ್ನಾಗಿರಲಿಲ್ಲ, ಆದರೆ ಹಟ ಚೆನ್ನಾಗಿತ್ತು. ಪರಮೇಶ್ವರಪ್ಪನವರ ಭಾರದ ಹಡಗು ಒಂದು ಕಡೆ ವಾಲಿತು, ಏನೋ ನೆನಪಾದವರಂತೆ ಒಂದು ಕ್ಷಣ ನಿಂತಿತು, ಗುಳುಗುಳು ಎನ್ನುತ್ತ ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ರಂಗೇಶನದೂ ಹಿಂದುಗಡೆಯಿಂದ ನೀರು ಕುಡಿಯತೊಡಗಿ ದಡಕ್ಕೆ ಬಂತು. ಹೊಂಬಣ್ಣದ ಹಡಗೊಂದೇ ನಡುನೀರಿನಲ್ಲಿ, ಮದುವೆ ಮನೆಯಲ್ಲಿ ಉಳಿದ ಕೊನೆಯ ತಟ್ಟೆಯ ಹಾಗೆ ತೇಲುತ್ತಿತ್ತು.

ತೂತು ಎಣಿಸಲು ಅತ್ತೆಯ ಹಡಗನ್ನು ಎತ್ತಿದಾಗ ಗೊತ್ತಾಯಿತು. ಪಕ್ಕೆಯ ತುಂಬ ಗುಂಡು ಬಡಿದ ಗುರುತು, ತೂತು ಮಾತ್ರ ಒಂದೂ ಇಲ್ಲ. ಪರಮೇಶ್ವರಪ್ಪ ಹೆಬ್ಬೆರಳಿಂದ ಒತ್ತಿದರು. ಹಾಳೆ ತಗ್ಗಿ, ಮತ್ತೆ ಎದ್ದಿತು.

“ಇದೇನ್ರೀ ಇದು, ಎಮ್ಮೆ ಚರ್ಮ ಇದ್ದಂಗೈತೆ!” ಅವರ ಪಂಚೆ ಮೊಣಕಾಲವರೆಗೆ ಒದ್ದೆಯಾಗಿತ್ತು. ಸೋತ ಸಿಟ್ಟೂ ಇತ್ತು. “ಮಲ್ಲೇಶಪ್ಪ, ನೀವು ನೋಡಿ ಪಾಸ್ ಮಾಡಿದ್ದು ತಾನೆ?”

“ಒಣಗಿದ್ದಾಗ ಒಡೀತಲ್ರಿ,” ಅಂದ ಮಾವ. “ನೀರಲ್ಲಿ ಹಿಂಗಾಗ್ತೈತೆ ಅಂತ ನನಗೇನು ಗೊತ್ತು?”

“ನಿಮಗೆ ಗೊತ್ತಿಲ್ದೇ ಇರ್ಬೌದು. ದಿನಾ ಹಾಳೆ ನೆನೆಸೋರಿಗೆ ಗೊತ್ತಿರಲ್ವಾ? ಇದು ಮೋಸ ಆತಪ್ಪ.”

ಮೋಸ ಎಂಬ ಮಾತು ಆ ಚೌಕ ನೀರಿನ ಮೇಲೆ ಬಿತ್ತು. ಅತ್ತೆ ಕನ್ನಡಕ ತೆಗೆದಳು.

“ನನಗೆ ಗೊತ್ತಿತ್ತು,” ಅಂದಳು. “ಗೊತ್ತಿತ್ತು ಅಂತಾನೇ ಮೊದ್ಲೇ ಹೇಳಿದ್ದೆ. ಯಾರಿಗೆ ಹೇಳಿದ್ದೆ ಅಂತ ಆ ಪೀಪಿ ಊದೋರನ್ನ ಕೇಳ್ರಿ.”

ಎಲ್ಲರೂ ಮಾವನ ಕಡೆ ತಿರುಗಿದರು. ಮಾವ ಹುಬ್ಬು ಗಂಟಿಕ್ಕಿ ನಿಜವಾಗಿಯೇ ಯೋಚಿಸಿದ. ಅದೇ ನನಗೆ ಸಂಕಟವಾದದ್ದು. ಸುಳ್ಳು ಹೇಳುವ ಮುಖವಲ್ಲ ಅದು.

“ನನಗಾ? ಯಾವಾಗ ಹೇಳ್ದೆ?”

ನಾನು ಬಾಯಿ ತೆರೆದೆ. ಅತ್ತೆ ನನ್ನ ಕಡೆ ನೋಡದೆಯೇ, “ಸಹನಾ, ನೀನು ಸುಮ್ನಿರು. ಹೇಳ್ಬೇಕಾದೋರು ಹೇಳ್ಲಿ,” ಅಂದಳು.

ಹೇಳಬೇಕಾದವನಿಗೆ ನೆನಪೇ ಇರಲಿಲ್ಲ. ರಂಗೇಶ್ ನಡುವೆ ಬಂದು, “ಹೋಗ್ಲಿ ಬಿಡ್ರಿ ಅಕ್ಕ, ಆಟ ತಾನೆ. ಇದೊಂದ್ಸಲ ನೀವೇ ಗೆದ್ರಿ ಅಂತ ಇಟ್ಕಳಾಣ,” ಅಂದ. ಅವನು ಒಳ್ಳೆಯದಕ್ಕೇ ಅಂದದ್ದು. ಆದರೆ ಅತ್ತೆಗೆ ‘ಇಟ್ಕಳಾಣ’ ಎನ್ನುವ ಗೆಲುವೂ ಅರ್ಧಕ್ಕೆ ಬಿಟ್ಟ ಕೆಲಸವೇ. ಹಡಗನ್ನು ಕಂಕುಳಿಗೆ ಇಟ್ಟುಕೊಂಡು ಬದುವಿನ ಮೇಲೆ ನಡೆದು ಹೋದಳು. ಸೀರೆಯ ಒಂದು ಮಗ್ಗುಲು ತೋಯುತ್ತಲೇ ಇತ್ತು.

ಆ ವಾರ ಶೆಡ್ಡಿನಲ್ಲಿ ಅಚ್ಚು ಬೀಳುವ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ಅತ್ತೆ ಜಗಳ ಆಡಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಬಡಿಸಿದಳು, ಎರಡನೆಯ ಸಲ ಸಾರು ಬೇಕಾ ಎಂದು ಕೇಳಲಿಲ್ಲ, ಅಷ್ಟೇ. ಮಾವನಿಗೆ ಏನೋ ಆಗಿದೆ ಎಂಬುದು ಗೊತ್ತಾಗಿತ್ತು, ಏನು ಎಂಬುದು ಗೊತ್ತಾಗಿರಲಿಲ್ಲ. ‘ಅವಳು ಸೋತ್ಲು ಅಂತ ನಾನು ತೀರ್ಪು ಕೊಟ್ನಾ? ಇಲ್ವಲ್ಲ? ಮತ್ತೆ ಯಾಕೆ ಈ ಮುಖ?’ ಎಂದು ನನ್ನನ್ನು ಕೇಳಿದ. ಬರಗೇರಮ್ಮ ಮಾತ್ರ, “ಸಾಕ್ಷಿ ಹೇಳಾಕೆ ನಾವಿಬ್ಬರು ಅದೀವಲ್ಲ, ಯಾಕೆ ಹಲ್ಲು ಕಚ್ಚಿಕಂಡು ಕುಂತೀರಿ?” ಅಂದಳು.

“ನೀನು ನನ್ನ ಕೈಕೆಳಗೆ ಕೆಲಸ ಮಾಡೋಳು. ಇವಳು ನನ್ನ ಅಣ್ಣನ ಮಗಳು. ನಿಮ್ಮ ಸಾಕ್ಷಿ ಇಟ್ಕಂಡು ನಾನು ಹೊಳಲ್ಕೆರೆಗೆ ಹೋಗ್ಲಾ?”

ಹೊಳಲ್ಕೆರೆಯೇ ಅವಳ ಬಳಿಗೆ ಬಂತು. ಪರಮೇಶ್ವರಪ್ಪನವರ ಮೊಮ್ಮಗಳ ತೊಟ್ಟಿಲು ಶಾಸ್ತ್ರಕ್ಕೆ ತಟ್ಟೆಗಳನ್ನು ಜಗಳಕ್ಕೆ ಮುಂಚೆಯೇ ಹೇಳಿಯಾಗಿತ್ತು. ಈಗ ಬೇರೆಲ್ಲಿಗೆ ಹೋಗುತ್ತಾರೆ? ಬಂದು, ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಡುವುದೋ ಬೇಡವೋ ಎಂದು ನಿಂತರು.

“ಬರ್ರಿ, ಕುಂತ್ಕಳ್ರಿ,” ಅಂದಳು ಅತ್ತೆ. ಬಂದವರಿಗೆ ಮಜ್ಜಿಗೆ ಕೊಡದಿರುವಷ್ಟು ಸಿಟ್ಟು ಅವಳಿಗೆ ಯಾವತ್ತೂ ಬಂದಿಲ್ಲ.

“ಈ ತಟ್ಟೇಲಿ ಧೈರ್ಯವಾಗಿ ಸಾರು ಹಾಕ್ಬೌದು ಸಾಹುಕಾರ್ರೆ,” ಅಂದಳು ಬರಗೇರಮ್ಮ ಕಟ್ಟು ಕಟ್ಟುತ್ತ. “ತೂತಾಗಲ್ಲ. ನೀವೇ ನೋಡಿದೀರಲ್ಲ.”

ಪರಮೇಶ್ವರಪ್ಪ ಮಜ್ಜಿಗೆಯ ಲೋಟದೊಳಗೆ ನೋಡಿದರು.

ಮಾವ ಅಂಗಳದಲ್ಲಿ ಫೋನಿನಲ್ಲಿದ್ದ. ಅವನ ಬೆನ್ನ ಹಿಂದೆಯೇ ಮನೆಯ ಸರಕಿನ ಗಾಡಿ ಒಂದು ಚಕ್ರ ಬಿಚ್ಚಿಸಿಕೊಂಡು ಕಲ್ಲಿನ ಮೇಲೆ ನಿಂತಿತ್ತು. ಚಕ್ರ ಪಂಕ್ಚರ್ ಅಂಗಡಿಯಲ್ಲಿತ್ತು. ಅತ್ತೆ ಬಾಗಿಲಿಗೆ ಹೋಗಿ, “ರೀ, ತಟ್ಟೆ ಕಟ್ಟು ಜಾಸ್ತಿ ಅವೆ. ನಮ್ಮ ಗಾಡೀಲೇ ಕಳಿಸ್ಲಾ?” ಎಂದು ಕೇಳಿದಳು.

ಮಾವ ಫೋನಿಗೆ ಅಂಗೈ ಮುಚ್ಚಿ, ಅವಳ ಮುಖವನ್ನೇ ನೋಡಿ, “ಹೂಂ ಹೂಂ, ನಡೀತೈತೆ, ಕಳಿಸು,” ಅಂದ.

ಪರಮೇಶ್ವರಪ್ಪ ತಲೆ ಎತ್ತಿದರು. ಗಾಡಿ ನೋಡಿದರು. ಮಾವನನ್ನು ನೋಡಿದರು. ಅತ್ತೆ ಬಾಗಿಲಿನಿಂದ ಕದಲಲಿಲ್ಲ. ಅವಳು ಮೊದಲೇ ಯೋಚಿಸಿಕೊಂಡಿದ್ದಳು ಎಂದು ನನಗನ್ನಿಸುವುದಿಲ್ಲ. ಸಿಟ್ಟು ಒಮ್ಮೊಮ್ಮೆ ತಾನಾಗಿ ದಾರಿ ಕಂಡುಕೊಳ್ಳುತ್ತದೆ. ಅದೇ ದನಿಯಲ್ಲಿ, ಉಪ್ಪಿನಕಾಯಿ ಹಾಕಲೇ ಎಂದು ಕೇಳುವಷ್ಟೇ ತಣ್ಣಗೆ, ಅವಳು ಇನ್ನೊಂದು ಕೇಳಿದಳು.

“ಹಂಗೇ, ಈ ಪರಮೇಶ್ವರಪ್ಪನೋರ ಹಡಗನ್ನ ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸ್ಲಾ?”

“ನಡೀತೈತೆ ಕಣೇ, ಹಾಕು,” ಅಂದ ಮಾವ, ಮತ್ತೆ ಅಂಗೈ ತೆಗೆದು, “ಇಲ್ಲಣ್ಣ, ನೀನು ಹೇಳು,” ಎಂದು ಫೋನಿಗೆ ಹೇಳಿದ.

ಬರಗೇರಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಪರಮೇಶ್ವರಪ್ಪ ನಗಲಿಲ್ಲ. ಲೋಟ ಕೆಳಗಿಟ್ಟು, ಮೀಸೆ ಸವರಿಕೊಂಡರು.

“ಹಿಂಗೇನಾ ಹೇಳಿದ್ದು ನೀವು? ಅವತ್ತು?”

“ಹಿಂಗೇ.”

ಮಾವ ಮಾತು ಮುಗಿಸಿ ಒಳಗೆ ಬಂದಾಗ ಅವರೇ ಕೇಳಿದರು. “ಏನಪ್ಪ ಮಲ್ಲೇಶಪ್ಪ, ನನ್ನ ಹಡಗು ನಿಮ್ಮ ಬಚ್ಚಲಿಗೆ ಸೌದೇನಾ?”

ಮಾವ ನಕ್ಕ. ತಮಾಷೆ ಎಂದುಕೊಂಡ. ಯಾರೂ ತನ್ನ ಜೊತೆ ನಗುತ್ತಿಲ್ಲ ಎಂದು ತಿಳಿದಾಗ ನಗು ಒಂದೊಂದೇ ಹಲ್ಲಿನಿಂದ ಇಳಿದುಹೋಯಿತು. ಪರಮೇಶ್ವರಪ್ಪ ಆದದ್ದನ್ನು ಆದಂತೆಯೇ ಹೇಳಿದರು. “ನಾನು ಹಂಗಂದ್ನಾ?” ಎಂದ ಮಾವ. “ಅಂದ್ರಿ. ಚಕ್ರ ಇಲ್ದ ಗಾಡೀಲಿ ತಟ್ಟೇನೂ ಕಳಿಸ್ಕೊಟ್ರಿ,” ಎಂದರು ಅವರು.

ಅವರು ಬಾಡಿಗೆ ಆಟೋದಲ್ಲಿ ತಟ್ಟೆ ಹೇರಿಸಿಕೊಂಡು ಹೋದ ಮೇಲೆ ಮಾವ ತೊಟ್ಟಿಯ ಅಂಚಿನ ಮೇಲೆ ಕೂತ. ನೆನೆದ ಹಾಳೆಯೊಂದನ್ನು ಎತ್ತಿ ಮಡಿಸಿದ, ಬಿಟ್ಟ, ಮತ್ತೆ ಮಡಿಸಿದ. ಇಷ್ಟು ವರ್ಷ ಆ ಶೆಡ್ಡಿನಲ್ಲಿ ಓಡಾಡಿದವನು ಹಾಳೆ ಮುಟ್ಟಿ ನೋಡಿದ್ದು ಅವತ್ತೇ ಇರಬೇಕು.

“ಸಹನಾ, ನಿಜವಾಗ್ಲೂ ಹೇಳಿದ್ಲಾ?”

“ಹೂಂ ಮಾವ. ನೀವು ಅತ್ತೆ ಮುಖ ನೋಡ್ಕಂಡೇ ಹಚ್ಚು ಅಂದ್ರಿ.”

“ನನಗೆ ಈಗ್ಲೂ ನೆನಪಿಲ್ಲ ನೋಡು,” ಅಂದ ಮೆಲ್ಲಗೆ. ಅದು ಸಮರ್ಥನೆಯ ಮಾತಾಗಿರಲಿಲ್ಲ. ಅತ್ತೆ ಅಚ್ಚಿನ ಹತ್ತಿರದಿಂದಲೇ, “ನೆನಪಿರಾಕೆ ಮೊದ್ಲು ಕೇಳಿಸ್ಕಂಡಿರ್ಬೇಕು,” ಅಂದಳು. ಅಚ್ಚು ಧಪ್ಪೆಂದು ಬಿತ್ತು.

ಮುಂದಿನ ಆಟದ ಹೊತ್ತಿಗೆ ಅತ್ತೆ ಹಾಳೆಯನ್ನೆಲ್ಲ ಕಿತ್ತು, ಹೊಸದಾಗಿ ತರಿಸಿದ ಬಾಲ್ಸಾ ಹೊದಿಸಿದಳು. ಕಿತ್ತ ಹಾಳೆಯನ್ನು ಬಿಸಾಡಲಿಲ್ಲ, ಅದರಲ್ಲಿ ಕೋಳಿಗೆ ನೀರಿಡುವ ದೊನ್ನೆ ಒತ್ತಿದಳು. ಬಾಲ್ಸಾ ಹೊದಿಸುವಾಗ ಬೈದ ಬೈಗುಳಗಳನ್ನು ಇಲ್ಲಿ ಬರೆಯಲಾರೆ. ಮುಟ್ಟಿದರೆ ಮುರಿಯುವುದು, ಅಂಟಿಸಿದರೆ ಸೊಟ್ಟ, ಒಣಗಿದರೆ ಬಿರುಕು. ‘ಮುಳುಗಾಕೆ ಅಂತಾನೇ ಹುಟ್ಟಿದ ಮರ’ ಎಂದು ಅದಕ್ಕೊಂದು ಹೆಸರೂ ಇಟ್ಟಳು. ಅದಕ್ಕೆ ಬಣ್ಣವನ್ನೂ ಬಳಿದಳು, ಹಾಲಲ್ಲವಲ್ಲ ಎಂದು.

ಹೊಂಡದ ದಡದಲ್ಲಿ ಮಾವ ಪೀಪಿಯನ್ನು ಬಾಯಿಗಿಟ್ಟುಕೊಂಡು, ತೆಗೆದ. ಮತ್ತೆ ಇಟ್ಟುಕೊಂಡು, ಮತ್ತೆ ತೆಗೆದ.

“ಊದ್ರಿ ಅಣ್ಣ, ಬ್ಯಾಟ್ರಿ ಇಳೀತೈತೆ,” ಅಂದ ರಂಗೇಶ್.

“ತಡಿಯಪ್ಪ. ಒಂದು ಮಾತೈತೆ.” ಮಾವ ಯಾರ ಮುಖವನ್ನೂ ನೋಡದೆ ನೀರನ್ನು ನೋಡಿದ. “ಹೋದ ಸಲ ಇವಳು ನನಗೆ ಎಲ್ಲಾ ಹೇಳಿದ್ಲು. ಹಾಳೆ ನೆನೆದ್ರೆ ಒಡೆಯಲ್ಲ, ನಡೀತೈತಾ ಕೇಳ್ರಿ ಅಂದಿದ್ಲು. ನಾನು ಕೇಳಿಸ್ಕಳ್ದೇನೇ ನಡೀತೈತೆ ಅಂದೆ. ಮೋಸ ಇವಳದಲ್ಲ. ತಪ್ಪು ನಂದು.”

ಪರಮೇಶ್ವರಪ್ಪ ಗಂಟಲು ಸರಿಮಾಡಿಕೊಂಡರು. “ನಾನೂ ಬಾಯಿ ತಪ್ಪಿ ಅಂದೆ ರೇಣುಕಮ್ಮ. ಆ ಮಾತು ವಾಪಸ್ ತಗಂಡೆ. ಅವತ್ತಿನ ಗೆಲುವು ನಿಮ್ದೇ.”

“ಆ ಆಟ ಲೆಕ್ಕಕ್ಕಿಲ್ಲ,” ಅಂದಳು ಅತ್ತೆ. “ಮುಳುಗದ ಹಡಗು ಗೆದ್ರೇನು ಬಂತು? ಊದ್ರಿ ಈಗ.”

ಈ ಸಲ ಅವಳು ಹಡಗು ಓಡಿಸಿದಳು. ಸುತ್ತಿಸಿದಳು, ಹಿಂದಕ್ಕೆ ಎಳೆದಳು, ಪರಮೇಶ್ವರಪ್ಪನವರ ಪಕ್ಕೆಗೆ ನಾಲ್ಕಾರು ಗುಂಡು ಸರಿಯಾಗಿ ಕೂರಿಸಿದಳು. ಆದರೆ ರಂಗೇಶ್ ಆದಿವಾಲದ ಬಯಲಲ್ಲಿ ಕುರಿ ತಿರುಗಿಸಿ ಬೆಳೆದವನು. ಬೇಲಿಯ ಮೂಲೆಗೆ ತಳ್ಳುವುದು ಅವನಿಗೆ ಹೇಳಿಕೊಡಬೇಕಿಲ್ಲ. ಹೊಂಡದ ಮೂಲೆಯಲ್ಲಿ ಅತ್ತೆಯ ಹಡಗು ಸಿಕ್ಕಿಬಿತ್ತು. ಗುಂಡು ಬಡಿದಾಗಲೆಲ್ಲ ಹಪ್ಪಳ ಮುರಿದ ಸದ್ದು. ಪಂಪು ನೀರನ್ನು ಸಣ್ಣ ಕಾರಂಜಿಯ ಹಾಗೆ ಎಸೆಯುತ್ತಲೇ ಇತ್ತು. ಕಾರಂಜಿ ಗಿಡ್ಡವಾಯಿತು, ಇನ್ನೂ ಗಿಡ್ಡವಾಯಿತು, ನಿಂತಿತು. ಹಡಗು ಮೂತಿ ಎತ್ತಿ, ನಿಧಾನವಾಗಿ, ಗೌರವದಿಂದ ಇಳಿಯಿತು. ದಾರಕ್ಕೆ ಕಟ್ಟಿದ್ದ ಕೆಂಪು ತೇಲುಗೋಲಿ ಮೇಲೆ ಬಂದು ಅಲುಗಾಡಿತು.

ಅತ್ತೆ ರಿಮೋಟ್ ಹಿಡಿದುಕೊಂಡು ಆ ಜಾಗವನ್ನೇ ನೋಡುತ್ತಿದ್ದಳು. “ಈಗ ಯಾರಾದ್ರೂ ಏನಾದ್ರೂ ಅನ್ನೋದು ಐತಾ?” ಎಂದು ಕೇಳಿದಳು.

“ಇಲ್ಲ ರೇಣುಕಮ್ಮ. ಚೆನ್ನಾಗಿ ಮುಳುಗಿದ್ರಿ,” ಅಂದರು ಪರಮೇಶ್ವರಪ್ಪ, ಮನಸಾರೆ.

ಅವಳೇ ದಾರ ಎಳೆದು ಹಡಗನ್ನು ದಡಕ್ಕೆ ತಂದಳು. ಪಕ್ಕೆಗಳಿಂದ ಎಳೆಎಳೆಯಾಗಿ ನೀರು ಸುರಿಯುತ್ತಿತ್ತು. ತೂತುಗಳ ಮೇಲೆ ಬೆರಳಿಡುತ್ತ ಜೋರಾಗಿ ಎಣಿಸತೊಡಗಿದಳು. ಬರೆದುಕೊಳ್ಳಲು ಮಾವ ಪಕ್ಕದಲ್ಲಿ ನಿಂತಿದ್ದ. ಮೆಕ್ಕೆಜೋಳದ ಮೇಲಿಂದ ಗಾಳಿ ಬೀಸಿತು. ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅವನ ಕೈ ಜೇಬಿನವರೆಗೆ ಹೋಗಿ ಅಲ್ಲೇ ನಿಂತಿತು. ಅತ್ತೆ ಒಂದು ಪಕ್ಕೆ ಮುಗಿಸಿ ಲೆಕ್ಕ ಹೇಳಿದಳು.

“ಏನಂದೆ? ಕೇಳಿಸ್ಲಿಲ್ಲ ಕಣೇ,” ಅಂದ ಮಾವ. “ಇನ್ನೊಂದ್ಸಲ ಹೇಳು.”

ಅತ್ತೆ ಕತ್ತೆತ್ತಿ ಅವನನ್ನು ನೋಡಿದಳು. ಒದ್ದೆ ಹಡಗನ್ನು ಮೊಣಕಾಲ ಮೇಲೆ ತಿರುಗಿಸಿಕೊಂಡು, ಬೆರಳನ್ನು ಮೂತಿಯ ಹತ್ತಿರದ ಮೊದಲ ತೂತಿನ ಮೇಲಿಟ್ಟು, ಮತ್ತೆ ಒಂದರಿಂದ ಶುರುಮಾಡಿದಳು.